ನಮ್ಮ ಮನೆಯ ಜಾನಪದ: ಉದ್ಯೋಗದ ಜೊತೆಗೊಂದು ಅಧ್ಯಯನ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಿ.ಎಡ್. ಮುಗಿಸಿ, ನೌಕರಿ ಸಿಕ್ಕಿ, ಮನೆ ಮಕ್ಕಳು ಎಂದಾದ ಮೇಲೆ ಮತ್ತೆ ವಿದ್ಯಾರ್ಥಿಯಾದರೆ ಜನ ಕೇಳುವ ಮೊದಲ ಪ್ರಶ್ನೆ, "ಇದರಿಂದ ಬಡ್ತಿ ಸಿಗುತ್ತದೆಯೇ?" ಎಂಬುದು. ಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುತ್ತ, ಉಳಿದ ಹೊತ್ತಿನಲ್ಲಿ ನಾನು ಜಾನಪದ ಡಿಪ್ಲೊಮಾ ಓದುತ್ತಿದ್ದೇನೆ. ಬಡ್ತಿ ಸಿಗುವುದಿಲ್ಲ. ಆದರೂ ಏಕೆ ಓದುತ್ತಿದ್ದೇನೆ, ನಿಮ್ಮಲ್ಲಿ ಕೆಲವರಾದರೂ ಏಕೆ ಓದಬೇಕು ಎಂಬುದನ್ನು ಹೇಳಲು ಈ ಅವಕಾಶವನ್ನು ಬಳಸಿಕೊಳ್ಳುತ್ತೇನೆ.

ತರಗತಿಯಲ್ಲಿ ಜನಪದ ಗೀತೆಯ ಪಾಠ ಬಂದಾಗ "ನಿಮ್ಮ ಮನೆಯಲ್ಲಿ ಅಜ್ಜಿ ಹಾಡುವ ಹಾಡು ಯಾವುದು?" ಎಂದು ಕೇಳುತ್ತೇನೆ. ಹಾಲಕ್ಕಿ ಮಕ್ಕಳು, ನಾಡವರ ಮಕ್ಕಳು, ಮೀನುಗಾರರ ಮಕ್ಕಳು ಕೈ ಎತ್ತುತ್ತಾರೆ. ನಮ್ಮ ಮಕ್ಕಳು ಮಾತ್ರ "ಟೀಚರ್, ನಮ್ಮಲ್ಲಿ ಜಾನಪದ ಇಲ್ಲ" ಎನ್ನುತ್ತಾರೆ. ಈ ಮಾತು ನಿಜವೇ? ನಾನು ಕಲಿತದ್ದೆಲ್ಲ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಲೇ ಕಲಿತದ್ದು.

ಮಗುವನ್ನು ಮಲಗಿಸುವಾಗ ನಮ್ಮ ತಾಯಂದಿರು ಹಾಡುವ ಲೋರಿ ಜೋಗುಳವಲ್ಲದೆ ಮತ್ತೇನು? ಪಹೇಲಿ ಎಂದರೆ ಒಗಟು, ಕಹಾವತ್ ಎಂದರೆ ಗಾದೆ. ಅರಿಶಿನ, ಮೆಹಂದಿಯ ರಾತ್ರಿ ಮದುಮಗಳ ಸುತ್ತ ಕುಳಿತು ಹೆಂಗಸರು ಹಾಡುವುದು ಮದುವೆಯ ಹಾಡೇ. ಬಿಜಾಪುರದ ಸೂಫಿಗಳ ಕಾಲದಿಂದ ದಖನಿಯಲ್ಲಿ 'ಚಕ್ಕಿನಾಮಾ' ಎಂಬ ಹಾಡುಗಳಿವೆ. ಚಕ್ಕಿ ಎಂದರೆ ಬೀಸುವ ಕಲ್ಲು. ಹಿಟ್ಟು ಬೀಸುತ್ತ ಹೆಂಗಸರು ದೇವರನ್ನು ನೆನೆಯಲೆಂದು ಹುಟ್ಟಿದ ಹಾಡುಗಳವು. ಅದೇ ನಾಡಿನಲ್ಲಿ ಕನ್ನಡದ ಹೆಣ್ಣುಮಕ್ಕಳು ಬೀಸುವ ಪದಗಳನ್ನು ಹಾಡುತ್ತಿದ್ದರು. ಭಾಷೆ ಎರಡು, ಕಲ್ಲು ಒಂದೇ. ಉತ್ತರ ಕರ್ನಾಟಕದ ಮೊಹರಂನ ರಿವಾಯತ್ ಪದಗಳನ್ನಂತೂ ಹಿಂದೂಗಳು, ಮುಸ್ಲಿಮರು ಕೂಡಿಯೇ ಕನ್ನಡದಲ್ಲಿ ಹಾಡುತ್ತ ಬಂದಿದ್ದಾರೆ.

ನಮ್ಮ ಕರಾವಳಿಯ ಮಾತನ್ನೇ ನೋಡಿ. ಕಾರವಾರದಲ್ಲಿ ಯಾರೇ ಇರಲಿ, ಬಂದರು, ಲಂಗರು, ಖಲಾಸಿ ಎಂದೇ ಹೇಳುತ್ತಾರೆ. ಬಂದರು, ಲಂಗರು ಫಾರಸಿಯಿಂದ ಬಂದ ಶಬ್ದಗಳು. ನಾಖುದಾ ಎಂದರೂ ಫಾರಸಿಯಲ್ಲಿ ಹಡಗಿನ ಒಡೆಯ. ಸುಮಾರು 1342ರಲ್ಲಿ ನಮ್ಮ ಜಿಲ್ಲೆಯ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿ ಗಂಡುಮಕ್ಕಳಿಗೆ 23 ಮತ್ತು ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದೂ, ಬೇರೆಲ್ಲೂ ಇಂಥದ್ದನ್ನು ಕಾಣಲಿಲ್ಲವೆಂದೂ ಬರೆದಿದ್ದಾನೆ. ಇಷ್ಟು ಹಳೆಯ ಬೇರು ಇರುವವರು "ನಮ್ಮಲ್ಲಿ ಏನೂ ಇಲ್ಲ" ಎನ್ನುವುದು ಸರಿಯಲ್ಲ. ನಮ್ಮಲ್ಲಿ ಇದೆ. ಬರೆದಿಟ್ಟವರು ಕಡಿಮೆ, ಅಷ್ಟೆ.

ಬರೆದಿಡುವುದು ವಿಶ್ವವಿದ್ಯಾಲಯದವರ ಕೆಲಸ, ನಮ್ಮದಲ್ಲ ಎಂದು ಯಾರಾದರೂ ಹೇಳಬಹುದು. ಕನ್ನಡ ಜಾನಪದದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. 1931ರಲ್ಲಿ ಹೊರಬಂದ 'ಗರತಿಯ ಹಾಡು' ಬಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರ ದುಡಿಮೆ. ಆ ಬಳಗದಲ್ಲಿ ಮಧುರಚೆನ್ನರಿದ್ದರು, ಶಾಲಾ ಮಾಸ್ತರರಾಗಿದ್ದ ಸಿಂಪಿ ಲಿಂಗಣ್ಣನವರಿದ್ದರು, ಪಿ. ಧೂಲಾಸಾಹೇಬರೂ ಇದ್ದರು. ಮುಂದೆ 'ಜಾನಪದ ಜಂಗಮ'ರೆಂದು ಹೆಸರಾಗಿ 2006ರಲ್ಲಿ ತೀರಿಕೊಂಡ ಎಸ್.ಕೆ. ಕರೀಂಖಾನರು ಊರೂರು ಅಲೆದು ಹಾಡು ಕೂಡಿಸಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳ ಬಗೆಗೆ, ಮೊಹರಂ ಬಗೆಗೆ ಗ್ರಂಥಗಳನ್ನೇ ಬರೆದರು. ನಮ್ಮ ಜಿಲ್ಲೆಯಲ್ಲಿ ಕುಮಟೆಯ ಡಾ. ಎಲ್.ಆರ್. ಹೆಗಡೆಯವರು, ಹೊನ್ನಾವರದ ಡಾ. ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಗಳು ಹಲವು ಸಮುದಾಯಗಳ ಹಾಡು, ಕತೆಗಳನ್ನು ಸಂಗ್ರಹಿಸಿಕೊಟ್ಟರು. ಹೆಗಡೆಯವರೂ ನಾಯಕರೂ ಕಾಲೇಜಿನ ಅಧ್ಯಾಪಕರು. ಪಾಠ ಹೇಳುತ್ತಲೇ ಈ ಕೆಲಸ ಮಾಡಿದವರು. ಶಿಶುನಾಳ ಶರೀಫರೂ (1819-1889) ಕೆಲಕಾಲ ಶಾಲಾ ಮಾಸ್ತರರಾಗಿದ್ದರು. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಅವರ ಶಿಗ್ಗಾಂವಿ ತಾಲೂಕಿನಲ್ಲೇ, ಗೊಟಗೋಡಿಯಲ್ಲಿ.

ಆದ್ದರಿಂದ ನಾನು ಧೈರ್ಯವಾಗಿ ಹೇಳುವ ಮಾತು ಇದು. ಜಾನಪದ ಕಲಿಯಲು ಸಂಸಾರವಂದಿಗರಿಗೆ ಇರುವ ಅನುಕೂಲ ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಇಲ್ಲ. ನಮಗೆ ಮದುವೆಯ ಕರೆ ಬರುತ್ತದೆ, ತೊಟ್ಟಿಲ ಶಾಸ್ತ್ರದ ಕರೆ ಬರುತ್ತದೆ. ಹೆಂಗಸರಾದ ನಮಗೆ ಅಡುಗೆಮನೆಯ ಬಾಗಿಲು ತೆರೆದಿರುತ್ತದೆ. ಹೊರಗಿನಿಂದ ಬಂದ ಸಂಶೋಧಕನ ಮುಂದೆ ಬಾಯಿ ಬಿಡದ ಅಜ್ಜಿ, ತನ್ನ ಮೊಮ್ಮಗಳ ಟೀಚರಮ್ಮನ ಮುಂದೆ ಹಾಡುತ್ತಾಳೆ. ನಮಗಿರುವ ತೊಂದರೆ ಒಂದೇ, ಸಮಯ. ಭಾನುವಾರ ಎರಡು ತಾಸು, ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ತಾಸು. ವರ್ಷವಿಡೀ ತಪ್ಪದೆ ಮಾಡಿದರೆ ಅದು ಕಡಿಮೆಯಲ್ಲ.

ಮಾಡುವ ಬಗೆ ಹೀಗೆ. ಮೊದಲು ಒಪ್ಪಿಗೆ ಕೇಳಬೇಕು. ಹಾಡಿದವರ ಹೆಸರು, ವಯಸ್ಸು, ಊರು, ತವರು, ಯಾರಿಂದ ಕಲಿತರು, ದಿನಾಂಕ, ಇಷ್ಟನ್ನು ಬರೆದುಕೊಳ್ಳಬೇಕು. ತವರು ಮುಖ್ಯ, ಏಕೆಂದರೆ ಹಾಡು ಸೊಸೆಯ ಜೊತೆ ಊರಿಂದ ಊರಿಗೆ ಹೋಗುತ್ತದೆ. ಮೊಬೈಲಿನಲ್ಲಿ ಧ್ವನಿ ಹಿಡಿದು, ಅವರಿಗೇ ಒಮ್ಮೆ ಕೇಳಿಸಿ, ಪ್ರತಿಯನ್ನು ಇನ್ನೊಂದು ಕಡೆ ಇಡಬೇಕು. ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ಪುಸ್ತಕದ ಭಾಷೆಗೆ ತಿದ್ದಬಾರದು. ಶಿಕ್ಷಕರಾದ ನಮಗೆ ಇದೇ ಕಷ್ಟ, ಕೆಂಪು ಶಾಯಿಯ ಕೈ ನಮ್ಮದು!

ಲಿಪಿಯ ವಿಚಾರವೂ ಇದೆ. ನಮ್ಮ ಮನೆಗಳಲ್ಲಿ ದಖನಿ ಇದೆ, ನಾಖುದಾ ಮತ್ತು ದಾಲ್ದಿ ಮನೆಗಳಲ್ಲಿ ಕೊಂಕಣಿ ಇದೆ, ಭಟ್ಕಳದ ನೆಂಟರ ಮನೆಯಲ್ಲಿ ನವಾಯತಿ ಇದೆ. ಉರ್ದು ಲಿಪಿಯಲ್ಲಿ ಬರೆದರೆ ಶಬ್ದದ ಮೂಲ ಗೊತ್ತಾಗುತ್ತದೆ, ಆದರೆ ಹ್ರಸ್ವ ಸ್ವರಗಳು ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ. ಕನ್ನಡ ಲಿಪಿಯಲ್ಲಿ ಎ-ಏ, ಒ-ಓ ವ್ಯತ್ಯಾಸ ನಿಚ್ಚಳವಾಗಿ ನಿಲ್ಲುತ್ತದೆ, ಆದರೆ ಉರ್ದುವಿನ ಬೇರೆ ಬೇರೆ 'ಜ'ಗಳೆಲ್ಲ ಒಂದಾಗುತ್ತವೆ. ಹಾಗಾಗಿ ನಾನು ಎರಡರಲ್ಲೂ ಬರೆಯುತ್ತೇನೆ. ಎರಡೂ ಭಾಷೆ ಕಲಿತ ನಮ್ಮ ಮಕ್ಕಳಿಗೆ ಈ ಕೆಲಸ ಸುಲಭ. ಬೇರೆಯವರಿಗಿಲ್ಲದ ಈ ಬಂಡವಾಳ ನಮ್ಮ ಕೈಯಲ್ಲಿದೆ.

ಒಂದು ಆಕ್ಷೇಪಣೆಯನ್ನೂ ಇಲ್ಲಿ ಎತ್ತಿಕೊಳ್ಳುತ್ತೇನೆ. "ಈ ಹಾಡು, ಈ ರಿವಾಜು ನಮ್ಮ ಧರ್ಮಕ್ಕೆ ಸೇರಿದ್ದಲ್ಲ, ಇದನ್ನೇಕೆ ಕೆದಕುತ್ತೀರಿ?" ಎಂದು ಕೆಲವು ಹಿರಿಯರು ಕೇಳುತ್ತಾರೆ. ಅವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಬರೆದಿಡುವುದೆಂದರೆ ಆಚರಿಸಿ ಎಂದು ಹೇಳುವುದಲ್ಲ. ನಮ್ಮ ಅಜ್ಜಿಯರು ಯಾವುದಕ್ಕೆ ನಕ್ಕರು, ಯಾವುದಕ್ಕೆ ಅತ್ತರು, ಮಗಳನ್ನು ಕಳುಹಿಸುವಾಗ ಏನು ಬುದ್ಧಿ ಹೇಳಿದರು ಎಂದು ತಿಳಿಯುವುದು ಅಷ್ಟೆ. ಅಕ್ಷರ ಬಾರದ ಅವರ ಬದುಕಿಗೆ ಬೇರೆ ದಾಖಲೆ ಇಲ್ಲ.

ಅವಸರ ಏಕೆಂದರೆ ಕಾಲ ನಿಲ್ಲುವುದಿಲ್ಲ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು, ಮರಗಿಡಗಳ ಜ್ಞಾನಕ್ಕಾಗಿ ಪದ್ಮಶ್ರೀ ಪಡೆದವರು, 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅದೇ ತಾಲೂಕಿನ ಬಡಿಗೇರಿಯ ಸುಕ್ರಿ ಬೊಮ್ಮಗೌಡರು, ಹಾಲಕ್ಕಿ ಹಾಡುಗಳ ಕಣಜವೆನಿಸಿ 2017ರಲ್ಲಿ ಪದ್ಮಶ್ರೀ ಪಡೆದವರು, 2025ರ ಫೆಬ್ರವರಿ 13ರಂದು ಹೋದರು. ಎರಡು ತಿಂಗಳೊಳಗೆ ಒಂದೇ ತಾಲೂಕಿನ ಇಬ್ಬರು. ಸುಕ್ರಜ್ಜಿಯ ಹಾಡುಗಳನ್ನು ಬರೆದುಕೊಂಡವರು, ಧ್ವನಿ ಹಿಡಿದವರು ಇದ್ದರು. ನಮ್ಮ ಕೇರಿಯ ಅಜ್ಜಿಯರಿಗೆ ಯಾರಿದ್ದಾರೆ?

ಊರುಗಳೂ ಹಾಗೆಯೇ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಕಡಲಂಚಿನ ಜನ ಮನೆ ಬಿಟ್ಟು ಪುನರ್ವಸತಿ ಕಾಲೋನಿಗಳಿಗೆ ಬಂದರು. 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಆ ಕಾಲೋನಿಗಳಲ್ಲಿ ಹುಟ್ಟಿದ ಮಕ್ಕಳಿಗೆ ಹಳೆಯ ಊರಿನ ಗದ್ದೆ, ಬಾವಿ, ಬಂಡೆಗಳ ಹೆಸರು ಹಿರಿಯರ ಬಾಯಲ್ಲಿ ಮಾತ್ರ ಸಿಗುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ, ನೋಡುತ್ತಿದ್ದಂತೆಯೇ ಒಂದು ಜಾಗದ ಚಹರೆ ಹೇಗೆ ಬದಲಾಗುತ್ತದೆಂದು ನಾವೆಲ್ಲ ಕಂಡೆವು.

ಕೊನೆಯದಾಗಿ ಸಂಘಕ್ಕೆ ಒಂದು ಬಿನ್ನಹ. ನಮ್ಮ ಗ್ರಂಥಾಲಯದಲ್ಲಿ ಒಂದು ಕಪಾಟನ್ನು ಇದಕ್ಕಾಗಿ ಬಿಟ್ಟುಕೊಡಿ. ಪ್ರತಿ ವಿದ್ಯಾರ್ಥಿಯೂ ಬರುವ ರಜೆಯಲ್ಲಿ ತನ್ನ ಮನೆಯ ಹಿರಿಯರಿಂದ ಒಂದು ಹಾಡು, ಐದು ಗಾದೆ, ಐದು ಒಗಟು ಬರೆದು ತರಲಿ. ಶಿಕ್ಷಕರು, ಗೃಹಿಣಿಯರು, ಅಂಗಡಿ ನಡೆಸುವವರು, ಓದು ಅರ್ಧಕ್ಕೆ ನಿಲ್ಲಿಸಿದವರು, ಇಷ್ಟವಿದ್ದರೆ ಸರ್ಟಿಫಿಕೇಟ್ ಇಲ್ಲವೇ ಡಿಪ್ಲೊಮಾ ಓದಿಗೆ ಸೇರಲಿ. ಕೋರ್ಸುಗಳು, ಅರ್ಹತೆ, ಶುಲ್ಕ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆ ನೋಡಿಯೇ ಹಣ ಕಟ್ಟಿ. ಸೇರಲಾಗದಿದ್ದರೂ ಚಿಂತೆಯಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ನು, ಕೇಳುವ ತಾಳ್ಮೆ ಇದ್ದರೆ ಈ ಭಾನುವಾರವೇ ಪಾಠ ಶುರು. ಗುರುಗಳು ನಿಮ್ಮ ಮನೆಯಲ್ಲೇ ಇದ್ದಾರೆ.