ಅರಿವಿನ ದಾಸೋಹ



ವಿಜ್ಞಾನಿಯು ಜನಸಾಮಾನ್ಯರಿಗಾಗಿ ಬರೆಯುವುದೇಕೆ? ಸಮಾಜದ ಅನ್ನವನ್ನುಂಡು ಗಳಿಸಿದ ಅರಿವನ್ನು ಸಮಾಜಕ್ಕೆ ತಿಳಿಯುವ ನುಡಿಯಲ್ಲಿ ಮರಳಿ ಸಲ್ಲಿಸುವುದೂ ದಾಸೋಹವೇ. 12ನೆಯ ಶತಮಾನದ ಶರಣರು ಅನುಭಾವವನ್ನು ಕನ್ನಡದಲ್ಲಿಯೇ ನುಡಿದರು. ಶಾಸ್ತ್ರವನ್ನು ಸಂಸ್ಕೃತದ ಬೀಗದೊಳಗಿಟ್ಟ ನಮ್ಮಂಥ ಪಂಡಿತರು ಅದನ್ನು ಮರೆತೆವು. ಸಸ್ಯಶಾಸ್ತ್ರಜ್ಞರಾದ ಬಿ. ಜಿ. ಎಲ್. ಸ್ವಾಮಿಯವರು ಮರೆಯಲಿಲ್ಲ, ಗಿಡಮರಗಳನ್ನು ಕುರಿತ ಅವರ ‘ಹಸುರು ಹೊನ್ನು’ ಗ್ರಂಥಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೇ ಸಂದಿತು.

ಹಾಗಾದರೆ ವಿಜ್ಞಾನವು ಕಲೆಯೇ? ನಮ್ಮ ಸೀಮೆಯ ಸೂಡಿಯ ನಾಗಕುಂಡವನ್ನು ನೆನೆಯಿರಿ. ಮೆಟ್ಟಿಲು ಚೆಲುವಾದ ಮಾತ್ರಕ್ಕೆ ನೀರು ಸಿಹಿಯಾಗದು. ಮೆಟ್ಟಿಲಿಲ್ಲದಿದ್ದರೆ ಬಾಯಾರಿದವನಿಗೆ ಆ ನೀರು ಎಟುಕದು. ಸತ್ಯವನ್ನು ಒರೆಗೆ ಹಚ್ಚುವುದು ವಿಜ್ಞಾನ. ಅದನ್ನು ಎಟುಕಿಸುವುದು ಕಲೆ. ವಿಜ್ಞಾನವನ್ನೋದಿದ ಮಠದ ಮಕ್ಕಳು ರೋಣ, ನರಗುಂದ, ಗಜೇಂದ್ರಗಡಗಳ ಒಕ್ಕಲಿಗನಿಗೆ ತಿಳಿಯುವ ಒಂದು ಪುಟವನ್ನಾದರೂ ಬರೆಯಲಿ. ಅದುವೇ ಗುರುದಕ್ಷಿಣೆ.