ಓದಿದ ಮಗುವಿಗೆ ಅರ್ಥವೂ ದಕ್ಕಲಿ

(ಮಂಗಳವೇಢೆ ಭಾಗದ ಕನ್ನಡ ಶಾಲೆಗಳ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕೆಲವು ಮಕ್ಕಳು ಪಾಠವನ್ನು ಗಟ್ಟಿಯಾಗಿ ಓದುತ್ತಾರೆ. "ಏನು ಓದಿದಿ?" ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತಾರೆ. ಆಗ ಮನೆಯಲ್ಲಿ ಮಾತು ಹೊರಡುತ್ತದೆ: "ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತು." ಅವಸರ ಬೇಡ. ಮನೆಮಾತಿನ ಪುಟವೇ ತಿಳಿಯದ ಮಗುವಿಗೆ ಬೇರೆ ಭಾಷೆಯ ಪುಟ ಇನ್ನಷ್ಟು ಭಾರವಾದೀತು. ಶಾಲೆ ಬದಲಿಸುವ ಮೊದಲು ತೊಡಕು ಎಲ್ಲಿದೆ ಎಂದು ನೋಡೋಣ.

ಮಗು ಓದಿದ ಪರಿಚ್ಛೇದವನ್ನೇ ಮನೆಯಲ್ಲಿ ಓದುಬಲ್ಲವರು ಯಾರಾದರೂ ಅದಕ್ಕೆ ಓದಿ ಹೇಳಲಿ. ಕೇಳಿದಾಗ ತಿಳಿದರೆ ಅಕ್ಷರದ ಅಭ್ಯಾಸ ಸಾಲದೆಂದು ಅರ್ಥ. ಕಾಗುಣಿತ, ಒತ್ತಕ್ಷರ ಸೇರಿ ಕನ್ನಡದಲ್ಲಿ ನೂರಾರು ರೂಪಗಳಿವೆ. ಅವು ಕೈವಶವಾಗಲು ನಾಲ್ಕನೆಯ ಇಯತ್ತೆಯ ಆಚೆಗೂ ಕಾಲ ಹಿಡಿಯಬಹುದೆಂದು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಕೇಳಿದರೂ ತಿಳಿಯದಿದ್ದರೆ ಪುಸ್ತಕದ ಶಬ್ದ, ವಾಕ್ಯಗಳು ಮಗುವಿಗೆ ಹೊಸವು. ಮನೆಯ 'ಉಳ್ಳಾಗಡ್ಡಿ' ಗ್ರಂಥಭಾಷೆಯಲ್ಲಿ 'ಈರುಳ್ಳಿ'; ನಮ್ಮ 'ಕಸಬರಿಗೆ' ಅಲ್ಲಿ 'ಪೊರಕೆ'.

ಇಂಥ ಮಕ್ಕಳಿಗೆ ಬೈಗುಳಕ್ಕಿಂತ ಆಟ ಮೇಲು. ಹಳೆಯ ಕ್ಯಾಲೆಂಡರಿನ ಹಿಂಬದಿ, ಲಗ್ನಪತ್ರಿಕೆಯ ರಟ್ಟು ಇದ್ದರೆ ಸಾಕು.

ಮೊದಲನೆಯದು ಮಾಡಿ ತೋರಿಸುವ ಆಟ. ಒಂದು ಚೀಟಿಯಲ್ಲಿ "ಬಾಗಿಲವರೆಗೆ ಹೋಗಿ, ಹಿಂದೆ ನೋಡಿ ಬಾ" ಎಂದೂ ಇನ್ನೊಂದರಲ್ಲಿ "ಹಿಂದೆ ನೋಡದೆ ಬಾ" ಎಂದೂ ಬರೆಯಿರಿ. ಮಗು ಮನಸ್ಸಿನಲ್ಲೇ ಓದಿ ಮಾಡಿ ತೋರಿಸಬೇಕು. 'ನೋಡಿ', 'ನೋಡದೆ' ಎಂಬಲ್ಲಿ ಬಾಯಿಪಾಠ ನಡೆಯುವುದಿಲ್ಲ.

ಎರಡನೆಯದು ಸರಿಸಾಲಿನ ಆಟ. ಹೊಲ ಹರಗಿದರು, ಹಿಂಗಾರಿಯಲ್ಲಿ ಜೋಳ ಬಿತ್ತಿದರು, ತೆನೆಗಳು ಬಲಿತವು, ಅವನ್ನು ಕೊಯ್ದು ಕಣಕ್ಕೆ ತಂದರು, ರಾಶಿ ಮಾಡಿದರು. ಈ ಐದು ಚೀಟಿಗಳನ್ನು ಕಲಸಿ ಕೊಡಿರಿ. ಮಗು ಜೋಡಿಸಿ ಓದಿ ಹೇಳಲಿ. "'ಅವನ್ನು' ಅಂದರೆ ಯಾವುವನ್ನು?" ಎಂದು ಕೇಳಿರಿ. ಇಲ್ಲಿ ಅಕ್ಷರ ಬಾರದ ಪಾಲಕರೂ ಪಂಚರಾಗಬಹುದು. ಜೋಳದ ಕೆಲಸ ನಿಮಗಿಂತ ಚೆನ್ನಾಗಿ ಯಾರು ಬಲ್ಲರು?

ಮೂರನೆಯದರಲ್ಲಿ ಮಗುವೇ ಮಾಸ್ತರ. ಕಥೆಯ ಒಂದು ತುಂಡು ಓದಿ ಅದು ನಿಮಗೆ ಪ್ರಶ್ನೆ ಕೇಳಲಿ, ತಿಳಿಯದ ಶಬ್ದ ಗುರುತಿಸಲಿ, ಸಾರ ಹೇಳಲಿ, ಮುಂದೇನಾದೀತೆಂದು ಊಹಿಸಲಿ. ಅಮೆರಿಕದಲ್ಲಿ ಪಾಲಿನ್ಸರ್ ಮತ್ತು ಬ್ರೌನ್ ಎಂಬವರು ಇವೇ ನಾಲ್ಕು ಕೆಲಸಗಳನ್ನು, ಓದು ಬಂದರೂ ಅರ್ಥ ಹಿಡಿಯಲಾಗದ ಏಳನೆಯ ತರಗತಿಯ ಮಕ್ಕಳಿಗೆ ಕಲಿಸಿದರು. ಮಕ್ಕಳ ಗ್ರಹಿಕೆ ಸುಧಾರಿಸಿತೆಂದು 1984ರಲ್ಲಿ ವರದಿ ಮಾಡಿದರು.

ಆಟ ಕಟ್ಟುವಾಗ ಕೆಲವು ಮಾತು ನೆನಪಿರಲಿ. ಬೇಗ ಓದಿದವನಿಗೆ ಗೆಲುವು ಬೇಡ; ಅರ್ಥ ಹಿಡಿದವನಿಗೆ ಗೆಲುವು. ಮತ್ತೊಮ್ಮೆ ಓದಲು ಬಿಡಿರಿ. ಹಿಂದುಳಿದ ಮಗುವನ್ನು ಒಬ್ಬ ಜೊತೆಗಾರನೊಡನೆ ಆಡಿಸಿರಿ. ಹದಿನೈದು ನಿಮಿಷಕ್ಕೆ, ಬೇಸರ ಬರುವ ಮುಂಚೆಯೇ ನಿಲ್ಲಿಸಿರಿ. ನಾಲ್ಕು ದಿನವಾದ ಮೇಲೆ ಹೊಸ ಚೀಟಿಗಳನ್ನು ಮಗುವೇ ಬರೆಯಲಿ. ಕಣ್ಣು, ಕಿವಿಯ ತೊಂದರೆಯ ಸಂಶಯವಿದ್ದರೆ ಡಾಕ್ಟರರಿಗೆ ತೋರಿಸಿರಿ.

ಇದು ಮನೆಯ ಕೆಲಸ ಮಾತ್ರವಲ್ಲ. ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ 'ನಲಿ-ಕಲಿ' ಕರ್ನಾಟಕದ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ 1995ರಲ್ಲಿ ಆರಂಭವಾಗಿ ರಾಜ್ಯವೆಲ್ಲ ಹಬ್ಬಿತು. ವಾರಕ್ಕೊಂದು ತಾಸು ಇಂಥ ಆಟಕ್ಕೆ ಕೊಡಿರೆಂದು ನಮ್ಮ ಶಾಲೆಗಳಲ್ಲೂ ಕೇಳೋಣ.

ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಅದು ಸೇರಿತು. ಪುಣೆಯ ಬಾಲಭಾರತಿ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ. ಶಾಲೆ, ಪುಸ್ತಕ ನಮ್ಮ ಹಕ್ಕು. ಆದರೆ ಪುಟದ ಅರ್ಥ ಮಗುವಿಗೆ ದಕ್ಕದಿದ್ದರೆ ಆ ಹಕ್ಕು ಕಾಗದದ ಮೇಲೆಯೇ ಉಳಿಯುತ್ತದೆ. ಪಾಲಕರ ಭರವಸೆ ಹೋದರೆ ಶಾಲೆಯ ಹಾಜರಿಪಟವೂ ತೆಳ್ಳಗಾಗುತ್ತದೆ. ಇಂದು ರಾತ್ರಿಯೇ ಐದು ಚೀಟಿ ಬರೆಸಿರೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.