ತಂತ್ರಾಂಶದ ದಿನಚರಿ

(ಡಿಪ್ಲೊಮಾ ಹಾಗೂ ಬಿ.ಸಿ.ಎ. ವಿದ್ಯಾರ್ಥಿಗಳಿಗಾಗಿ ಅರಸೀಕೆರೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಉರ್ದು ಮತ್ತು ಕನ್ನಡ ಪಾಠ ಹೇಳುವ ಮೇಷ್ಟ್ರಿಗೆ ಜಾವಾ ತಂತ್ರಾಂಶದ ಗೊಡವೆ ಏಕೆ ಎಂದು ನೀವು ಕೇಳಬಹುದು. ಉಪನ್ಯಾಸದ ದಿನ ಸಭೆಯಲ್ಲಿದ್ದ ಹಿರಿಯರೊಬ್ಬರು ಕೇಳಿಯೇ ಬಿಟ್ಟರು. ಅವರಿಗೆ ಹೇಳಿದ ಉತ್ತರದಿಂದಲೇ ಇಲ್ಲಿಯೂ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬಿದಳು. ತಂದೆ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವವರು. ಕೊನೆಯ ದಿನ ರಾತ್ರಿ ಸೈಬರ್ ಸೆಂಟರಿನಲ್ಲಿ ನಾನೂ ಪಕ್ಕದಲ್ಲಿ ಕುಳಿತಿದ್ದೆ. ಎಲ್ಲವನ್ನೂ ತುಂಬಿ ‘ಸಲ್ಲಿಸಿ’ ಎಂಬುದನ್ನು ಒತ್ತಿದಾಗ ಪರದೆಯ ಮೇಲೆ ಒಂದೇ ಸಾಲು: ‘ದೋಷ ಉಂಟಾಗಿದೆ, ನಂತರ ಪ್ರಯತ್ನಿಸಿ.’ ಮೂರು ಸಲ ಒತ್ತಿದೆವು. ಹನ್ನೆರಡು ಗಂಟೆಗೆ ಅವಧಿ ಮುಗಿಯಿತು. ವಾರ ಕಳೆದು ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿದ್ದವರು ಕಂಪ್ಯೂಟರ್ ನೋಡಿ, “ಮೇಷ್ಟ್ರೇ, ನಮ್ಮಲ್ಲಿ ಏನೂ ಇಲ್ಲ. ಆ ಹುಡುಗಿ ಅರ್ಜಿ ಹಾಕೇ ಇಲ್ಲ ಅಂತಲೇ ಲೆಕ್ಕ” ಎಂದರು. ಅವರು ಸುಳ್ಳು ಹೇಳಲಿಲ್ಲ, ನಾವೂ ಹೇಳಲಿಲ್ಲ. ನಡುವೆ ಇದ್ದ ತಂತ್ರಾಂಶ ನಮ್ಮ ಮೂರು ಪ್ರಯತ್ನಗಳ ಬಗ್ಗೆ ಒಂದಕ್ಷರವನ್ನೂ ಬರೆದಿಟ್ಟಿರಲಿಲ್ಲ. ಆ ವರ್ಷದ ಹಣ ಅವಳಿಗೆ ಬರಲಿಲ್ಲ.

ಬೆಂಗಳೂರಿನಲ್ಲಿ ಜಾವಾ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಈ ಸಂಗತಿ ಹೇಳಿದೆ. “ಸರ್, ಅಲ್ಲಿ ಲಾಗ್ ಸರಿಯಾಗಿ ಇಟ್ಟಿಲ್ಲ. ಇಟ್ಟಿದ್ದರೆ ಐದು ನಿಮಿಷದಲ್ಲಿ ಗೊತ್ತಾಗ್ತಿತ್ತು” ಎಂದ. ಅವನಿಂದಲೇ ಎರಡು ಬೇಸಿಗೆ ರಜೆಗಳಲ್ಲಿ ಈ ವಿಷಯವನ್ನು ಕಲಿತೆ. ಗುರು ಶಿಷ್ಯನಾದದ್ದಕ್ಕೆ ನನಗೆ ಸಂಕೋಚವಿಲ್ಲ.

ಲಾಗ್ ಎಂದರೆ ಮೂಲತಃ ಮರದ ತುಂಡು. ಹಡಗಿನವರು ಹಗ್ಗ ಕಟ್ಟಿದ ಮರದ ತುಂಡನ್ನು ನೀರಿಗೆ ಎಸೆದು ವೇಗ ಅಳೆಯುತ್ತಿದ್ದರು. ಆ ಲೆಕ್ಕ ಬರೆದ ಪುಸ್ತಕ ಲಾಗ್ ಬುಕ್ಕಾಯಿತು. ನಮಗೆ ಇದು ಹೊಸದೇನಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಯಾವ ಗಾಡಿ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂಬುದು ರಿಜಿಸ್ಟರಿನಲ್ಲಿರುತ್ತದೆ. ಶಾಲೆಯಲ್ಲಿ ನಾವು ಹಾಜರಿ ಹಾಕುತ್ತೇವೆ. ಹಾಜರಿ, ತಾರೀಖು, ದಾಖಲೆ, ದಫ್ತರ ಇವೆಲ್ಲ ಅರಬ್ಬಿ ಫಾರಸಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದ ಪದಗಳು. ಬರೆದಿಡುವ ಕೆಲಸದಲ್ಲಿ ನನ್ನ ಎರಡು ಭಾಷೆಗಳು ಒಂದೇ ಮನೆಯವು ಎನ್ನಲು ಅಡ್ಡಿಯಿಲ್ಲ.

ಇನ್ನೂ ಹಿಂದಕ್ಕೆ ಹೋಗಿ. ಬೇಲೂರು, ಹಳೇಬೀಡಿಗೆ ಪ್ರವಾಸ ಹೋದಾಗ ನೀವು ಶಿಲಾಬಾಲಿಕೆಯರನ್ನು ನೋಡಿರುತ್ತೀರಿ. ಇನ್ನೊಮ್ಮೆ ಹೋದಾಗ ಶಾಸನಗಳ ಮುಂದೆಯೂ ಸ್ವಲ್ಪ ನಿಲ್ಲಿ. ಸಾಮಾನ್ಯವಾಗಿ ಒಂದು ದಾನಶಾಸನದಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಇರುತ್ತವೆ. ಆಳುತ್ತಿದ್ದ ಅರಸ ಯಾರು, ಕೊಟ್ಟವರು ಯಾರು, ಪಡೆದವರು ಯಾರು, ಭೂಮಿಯ ಎಲ್ಲೆ ಯಾವುದು, ಇದನ್ನು ಅಳಿಸಿದವನಿಗೆ ಏನು ಪಾಪ, ಇಷ್ಟೂ ಇರುತ್ತವೆ. ಎಷ್ಟೋ ಕಡೆ ಬರೆದವನ, ಕೆತ್ತಿದವನ ಹೆಸರೂ ಉಂಟು. ಬೇಲೂರಿನ ಶಿಲ್ಪಗಳ ಮೇಲೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಬಿಟ್ಟುಹೋಗಿದ್ದಾರೆ. ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ಶಕ 1039, ಅಂದರೆ ಕ್ರಿ.ಶ. 1117ರಲ್ಲಿ ಆಯಿತೆಂದು ನಾವು ಇಂದು ನಿಸ್ಸಂದೇಹವಾಗಿ ಹೇಳುವುದು ಅಂದು ಯಾರೋ ಬರೆದಿಟ್ಟಿದ್ದರಿಂದ. ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಕ್ರಮಸಂಖ್ಯೆ ಕೊಟ್ಟು ಪ್ರಕಟಿಸಿದರು. ಎಲ್ಲ ಶಾಸನಗಳೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುವುದರಿಂದ ಎಂಟು ನೂರು ವರ್ಷದ ಮೇಲೂ ಕಾಲ ಹುಡುಕಬಹುದು, ದಾನಿಯನ್ನು ಹುಡುಕಬಹುದು. ಇಂದಿನ ಕಂಪ್ಯೂಟರ್ ಭಾಷೆಯಲ್ಲಿ ಇದಕ್ಕೆ ಸ್ಟ್ರಕ್ಚರ್ಡ್ ಲಾಗಿಂಗ್ ಎನ್ನುತ್ತಾರೆ.

ಈಗ ಜಾವಾಕ್ಕೆ ಬರೋಣ. ನೀವು ಪ್ರಾಜೆಕ್ಟ್ ಬರೆಯುವಾಗ ತಪ್ಪು ಹುಡುಕಲು ‘ಸಿಸ್ಟಮ್ ಔಟ್ ಪ್ರಿಂಟ್‌ಲೈನ್’ ಹಾಕುತ್ತೀರಿ. ‘ಇಲ್ಲಿಗೆ ಬಂತು’, ‘ಹಲೋ 1’, ‘ಹಲೋ 2’. ಇದರಲ್ಲಿ ಕಾಲವಿಲ್ಲ, ಸ್ಥಳವಿಲ್ಲ, ತೀವ್ರತೆಯಿಲ್ಲ. ಇದರ ಬದಲಿಗೆ ಲಾಗರ್ ಇದೆ. ಜಾವಾದ ಒಳಗೇ 2002ರ 1.4ನೆಯ ಆವೃತ್ತಿಯಿಂದ ಒಂದು ಲಾಗಿಂಗ್ ವ್ಯವಸ್ಥೆ ಬಂದಿದೆ. ಅದಕ್ಕೂ ಮೊದಲೇ ಲಾಗ್‌ಫೋರ್‌ಜೆ ಇತ್ತು. ಅದನ್ನು ಆರಂಭಿಸಿದ ಜೆಕಿ ಗುಲ್ಜು ಅವರೇ ಮುಂದೆ ಎಸ್‌ಎಲ್‌ಎಫ್‌ಫೋರ್‌ಜೆ ಮತ್ತು ಲಾಗ್‌ಬ್ಯಾಕ್ ಎಂಬ ಎರಡನ್ನು ಮಾಡಿದರು. ಮೊದಲನೆಯದು ಬರೀ ಮುಂಬಾಗಿಲು. ನಿಮ್ಮ ಪ್ರೋಗ್ರಾಂ ಅದರೊಡನೆ ಮಾತ್ರ ಮಾತನಾಡುತ್ತದೆ. ಒಳಗೆ ಬರೆಯುವ ಗುಮಾಸ್ತ ಲಾಗ್‌ಬ್ಯಾಕ್ ಆಗಿರಬಹುದು, ಲಾಗ್‌ಫೋರ್‌ಜೆ ಆಗಿರಬಹುದು. ನಾಳೆ ಗುಮಾಸ್ತನನ್ನು ಬದಲಿಸಿದರೂ ನಿಮ್ಮ ಸಾವಿರ ಸಾಲು ತಿದ್ದಬೇಕಾಗಿಲ್ಲ.

ಲಾಗ್‌ಬ್ಯಾಕ್‌ನ ವ್ಯವಸ್ಥೆಯನ್ನೇ ನೋಡೋಣ. ಅದರಲ್ಲಿ ಮೂರು ಅಂಗಗಳು. ಲಾಗರ್ ಸುದ್ದಿ ಹೇಳುವವನು. ಸಾಮಾನ್ಯವಾಗಿ ಕ್ಲಾಸಿನ ಹೆಸರನ್ನೇ ಅವನಿಗೆ ಇಡುತ್ತಾರೆ. ಅಪೆಂಡರ್ ಅದನ್ನು ಎಲ್ಲಿಗೆ ಮುಟ್ಟಿಸಬೇಕೆಂದು ತಿಳಿದವನು: ಪರದೆಗೋ, ಫೈಲಿಗೋ, ದೂರದ ಇನ್ನೊಂದು ಯಂತ್ರಕ್ಕೋ. ಎನ್‌ಕೋಡರ್ ಸಾಲಿನ ರೂಪ ನಿರ್ಧರಿಸುವವನು. ಸುದ್ದಿಗೆ ದರ್ಜೆಗಳಿವೆ: ಟ್ರೇಸ್, ಡೀಬಗ್, ಇನ್ಫೋ, ವಾರ್ನ್, ಎರರ್. ಯಾವ ಭಾಗದಿಂದ ಯಾವ ದರ್ಜೆಗೆ ಮೇಲ್ಪಟ್ಟದ್ದು ಬರೆಯಬೇಕು ಎಂಬುದನ್ನು ಪ್ರೋಗ್ರಾಮಿನ ಹೊರಗೆ, ಒಂದು ಸಂರಚನಾ ಫೈಲಿನಲ್ಲಿ ಬರೆಯುತ್ತೇವೆ. ಬರುವ ತೊಂದರೆಯೊಂದನ್ನು ಮುಂಚೆಯೇ ಹೇಳಿಬಿಡುತ್ತೇನೆ. ಮಗನ ಸುದ್ದಿ ತಂದೆಗೂ ಹೋಗುವುದು ಇಲ್ಲಿನ ಪದ್ಧತಿ. ಒಂದು ಪ್ಯಾಕೇಜಿನ ಲಾಗರಿಗೂ ಮೂಲ ಲಾಗರಿಗೂ ಒಂದೇ ಅಪೆಂಡರ್ ಕಟ್ಟಿದರೆ ಪ್ರತಿ ಸಾಲೂ ಎರಡೆರಡು ಬಾರಿ ಬೀಳುತ್ತದೆ. ಗಾಬರಿಯಾಗಬೇಡಿ, ಒಂದು ಕಡೆ ಬಿಚ್ಚಿ, ಇಲ್ಲವೆ ಅಡಿಟಿವಿಟಿ ಎಂಬುದನ್ನು ‘ಫಾಲ್ಸ್’ ಮಾಡಿ.

ದರ್ಜೆಯ ವಿಷಯದಲ್ಲಿ ನನ್ನದೊಂದು ಹಠವಿದೆ. ಬಳಕೆದಾರ ತಪ್ಪು ಪಾಸ್‌ವರ್ಡ್ ಹಾಕಿದರೆ ಅದು ಎರರ್ ಅಲ್ಲ. ದಿನಕ್ಕೆ ಇನ್ನೂರು ಎರರ್ ಬರೆಯುವ ತಂತ್ರಾಂಶವನ್ನು ಯಾರೂ ಓದುವುದಿಲ್ಲ. ತರಗತಿಯಲ್ಲಿ ಸದಾ ಕೂಗುವ ಮೇಷ್ಟ್ರ ಮಾತನ್ನು ಮಕ್ಕಳು ಕೇಳದಿರುವ ಹಾಗೆ. ಯಾರಾದರೂ ಎದ್ದುಹೋಗಿ ಸರಿಪಡಿಸಲೇಬೇಕಾದದ್ದಕ್ಕೆ ಮಾತ್ರ ಆ ದರ್ಜೆ ಕೊಡಿ.

ನನ್ನ ವಿದ್ಯಾರ್ಥಿನಿಯ ಅರ್ಜಿಯ ಬಗ್ಗೆ ಇಂಥ ಒಂದು ಸಾಲು ಇದ್ದಿದ್ದರೆ ಸಾಕಿತ್ತು:

ರಾತ್ರಿ 11:42:07, ಎರರ್, ಅರ್ಜಿ ಉಳಿಸುವ ಭಾಗ, ಅರ್ಜಿ ಸಂಖ್ಯೆ 417, ಆದಾಯ ಪ್ರಮಾಣಪತ್ರ ಉಳಿಸಲಾಗಲಿಲ್ಲ, ಡಿಸ್ಕಿನಲ್ಲಿ ಸ್ಥಳವಿಲ್ಲ.

ಇದು ನಾನೇ ಕಲ್ಪಿಸಿಕೊಂಡ ಸಾಲು. ನಿಜವಾದ ಕಾರಣ ಇಂದಿಗೂ ಯಾರಿಗೂ ತಿಳಿಯದು. ಅಂಥ ಕಡೆ ಅನೇಕ ಸಲ ಆಗುವುದೇನೆಂದರೆ, ಪ್ರೋಗ್ರಾಮರ್ ದೋಷವನ್ನು ‘ಕ್ಯಾಚ್’ನಲ್ಲಿ ಹಿಡಿದು, ಒಳಗೆ ಏನನ್ನೂ ಬರೆಯದೆ ಆವರಣ ಮುಚ್ಚಿಬಿಡುತ್ತಾನೆ. ದಯಮಾಡಿ ಹೀಗೆ ಮಾಡಬೇಡಿ. ಲಾಗರಿಗೆ ಸಂದೇಶದ ಜೊತೆ ಆ ದೋಷದ ವಸ್ತುವನ್ನೂ ಕೊನೆಯಲ್ಲಿ ಕೊಡಿ; ಆಗ ಯಾವ ಕ್ಲಾಸಿನ ಎಷ್ಟನೆಯ ಸಾಲಿನಲ್ಲಿ ಮುರಿಯಿತು ಎಂಬ ಪೂರ್ಣ ವಂಶಾವಳಿ ಫೈಲಿಗೆ ಬರುತ್ತದೆ. ಒಂದೇ ಕ್ಷಣದಲ್ಲಿ ನೂರು ಜನ ಅರ್ಜಿ ಹಾಕುವಾಗ ಸಾಲುಗಳು ಬೆರಕೆಯಾಗುತ್ತವೆ. ಅದಕ್ಕೆ ಎಂ.ಡಿ.ಸಿ. ಎಂಬ ಉಪಾಯವಿದೆ. ಕೆಲಸದ ಆರಂಭದಲ್ಲಿ ಒಮ್ಮೆ ಅರ್ಜಿ ಸಂಖ್ಯೆ ಕೊಟ್ಟು, ಸಾಲಿನ ರೂಪದಲ್ಲಿ ಅದಕ್ಕೆ ಜಾಗವಿಟ್ಟರೆ, ಆ ಎಳೆಯ ಪ್ರತಿಯೊಂದು ಸಾಲಿಗೂ ಅದು ತಾನಾಗಿ ಅಂಟುತ್ತದೆ. ಕೆಲಸ ಮುಗಿದಾಗ ತೆಗೆಯುವುದನ್ನು ಮರೆತರೆ ಮಾತ್ರ ಒಬ್ಬಳ ಸಂಖ್ಯೆ ಇನ್ನೊಬ್ಬಳಿಗೆ ಅಂಟೀತು.

ಎಲ್ಲವನ್ನೂ ಬರೆದಿಡಬೇಕೆಂದು ನಾನು ಹೇಳುತ್ತಿಲ್ಲ. 2018ರ ಮೇ ತಿಂಗಳಲ್ಲಿ ಟ್ವಿಟರ್ ಸಂಸ್ಥೆ ತನ್ನ ಒಳಗಿನ ಲಾಗಿನಲ್ಲಿ ಬಳಕೆದಾರರ ಪಾಸ್‌ವರ್ಡ್‌ಗಳು ಮುಚ್ಚುಮರೆಯಿಲ್ಲದೆ ದಾಖಲಾಗಿರುವುದನ್ನು ಕಂಡುಕೊಂಡು, ಮೂವತ್ತಮೂರು ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳಲು ಸೂಚಿಸಬೇಕಾಯಿತು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಒ.ಟಿ.ಪಿ., ಹೆಣ್ಣುಮಕ್ಕಳ ಫೋನ್ ನಂಬರು ಇವು ಲಾಗಿಗೆ ಹೋಗಕೂಡದು. ಅರ್ಜಿ ಸಂಖ್ಯೆಯೊಂದೇ ಸಾಕು.

ಎಷ್ಟು ದಿನ ಇಡಬೇಕು? ನಮ್ಮ ದೇಶದ ಸರ್ಟ್‌ಇನ್ ಸಂಸ್ಥೆ 28 ಏಪ್ರಿಲ್ 2022ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ತಮ್ಮ ವ್ಯವಸ್ಥೆಗಳ ಲಾಗನ್ನು 180 ದಿನ ಭದ್ರವಾಗಿಡಬೇಕು. ಗಡಿಯಾರಗಳನ್ನೂ ಅಧಿಕೃತ ಕಾಲಕ್ಕೆ ಹೊಂದಿಸಿರಬೇಕು. ಆರು ತಿಂಗಳ ಸಾಲುಗಳನ್ನು ಒಂದೇ ಫೈಲಿಗೆ ತುಂಬಿದರೆ ತೆರೆಯಲೂ ಆಗದು. ಆದ್ದರಿಂದ ದಿನಕ್ಕೊಂದು ಫೈಲು, ಪ್ರತಿ ಫೈಲಿಗೆ ಗಾತ್ರದ ಮಿತಿ, ಹಳೆಯದನ್ನು ಕುಗ್ಗಿಸಿಡುವುದು, ಅವಧಿ ಮುಗಿದದ್ದನ್ನು ಅಳಿಸುವುದು ಇವನ್ನೆಲ್ಲ ರೋಲಿಂಗ್ ಅಪೆಂಡರಿಗೆ ಒಪ್ಪಿಸಿ. ಒಟ್ಟು ಗಾತ್ರಕ್ಕೆ ಮಿತಿ ಹಾಕುವುದನ್ನು ಮರೆಯಬೇಡಿ, ಆದರೆ ಆ ಮಿತಿ 180 ದಿನದ ಲಾಗಿಗೆ ಸಾಲುವಷ್ಟಿರಲಿ. ಇಲ್ಲವಾದರೆ ಗಡುವಿಗೆ ಮುಂಚೆಯೇ ಹಳೆಯದು ಅಳಿದುಹೋಗುತ್ತದೆ.

ಬರೆಯುವ ಗುಮಾಸ್ತನೇ ಕಳ್ಳನಿಗೆ ಬಾಗಿಲು ತೆರೆದ ಕಥೆಯೂ ಇದೆ. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ 2ರಲ್ಲಿ ದೊಡ್ಡ ದೋಷವೊಂದು ಬೆಳಕಿಗೆ ಬಂತು; ನವೆಂಬರಿನಲ್ಲಿಯೇ ಅಲಿಬಾಬಾ ಕ್ಲೌಡ್‌ನ ತಂಡ ಅದನ್ನು ತಿಳಿಸಿತ್ತು. ಬಳಕೆದಾರ ಹೆಸರಿನ ಜಾಗದಲ್ಲಿ ಒಂದು ವಿಶೇಷ ಸಾಲು ಬರೆದರೆ, ಲಾಗರ್ ಅದನ್ನು ಸುಮ್ಮನೆ ಬರೆದುಕೊಳ್ಳುವ ಬದಲು ಆಜ್ಞೆಯೆಂದು ತಿಳಿದು ದೂರದ ಯಂತ್ರದಿಂದ ಕೋಡ್ ತಂದು ನಡೆಸಿಬಿಡುತ್ತಿತ್ತು. ಅಪಾಯದ ಅಳತೆಯಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಸಿಕ್ಕಿತು. ಅದೇ ತಿಂಗಳಲ್ಲಿ ತಿದ್ದುಪಡಿಗಳು ಒಂದರ ಹಿಂದೊಂದು ಬಂದವು. ಲಾಗ್‌ಫೋರ್‌ಜೆ 1ಕ್ಕಂತೂ 2015ರಿಂದಲೇ ದುರಸ್ತಿ ನಿಂತಿದೆ. ಹಳೆಯ ಪುಸ್ತಕ ನೋಡಿ ಅದನ್ನು ಪ್ರಾಜೆಕ್ಟಿಗೆ ಸೇರಿಸಬೇಡಿ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಇಷ್ಟೆಲ್ಲ ಬರೆದರೆ ಪ್ರೋಗ್ರಾಂ ನಿಧಾನ ಆಗಲ್ವಾ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಸಂದೇಶವನ್ನು ಪ್ಲಸ್ ಚಿಹ್ನೆಯಿಂದ ಜೋಡಿಸಿದರೆ, ಬರೆಯದ ದರ್ಜೆಗೂ ಜೋಡಿಸುವ ಶ್ರಮ ದಂಡ. ಎರಡು ಪುಷ್ಪಾವರಣದ ಖಾಲಿ ಜಾಗ ಬಿಟ್ಟು ಬೆಲೆಯನ್ನು ಬೇರೆಯಾಗಿ ಕೊಟ್ಟರೆ, ಬರೆಯಬೇಕಾದಾಗ ಮಾತ್ರ ಜೋಡಣೆಯಾಗುತ್ತದೆ. ಫೈಲಿಗೆ ಬರೆಯುವುದನ್ನು ಬೇರೊಂದು ಎಳೆಗೆ ಒಪ್ಪಿಸುವ ಅಸಿಂಕ್ ಅಪೆಂಡರ್ ಕೂಡ ಇದೆ. “ಆದರೆ ಯಂತ್ರ ದಿಢೀರನೆ ನಿಂತರೆ ಸರದಿಯಲ್ಲಿದ್ದ ಸಾಲುಗಳು ಹೋಗುತ್ತವೆ” ಎಂದೆ. ಅವಳು ಸ್ವಲ್ಪ ಯೋಚಿಸಿ, “ಹಾಗಾದ್ರೆ ಅರ್ಜಿ ಭಾಗಕ್ಕೆ ಅದು ಬೇಡ ಸರ್” ಎಂದಳು.